ಕೇಳುವ ಪಿನ್ನು

ಮೂರು ದಿನವಾಯಿತು, ಒಂದು ಮಾತಿಲ್ಲ.
ಗುಂತ್ ನದಿಯ ಸೇತುವೆಯಿಂದ ಬಿಚ್ಚಿ ತಂದ ಸೆನ್ಸರನ್ನು
ಬಟ್ಟೆ ನೆನೆಸುವ ತಗಡಿನ ಟಬ್ಬಿನ ಮೇಲೆ
ಹಲಗೆಗೆ ಬೋರಲಾಗಿ ಕಟ್ಟಿದ್ದೇನೆ.
ನದಿಯ ಬದಲು ಅರ್ಧ ಟಬ್ಬು ನೀರು.
ಪಕ್ಕದಲ್ಲಿ ಬೋರ್ಡು, ಬೆಂಕಿಪೊಟ್ಟಣದಷ್ಟು,
ಎರಡೂ ಅಂಚಿಗೆ ಜರಿಹುಳದ ಕಾಲಿನ ಹಾಗೆ ಪಿನ್ನುಗಳು.

ಜುಲೈ ತಿಂಗಳು. ಮೇಲೆ ಹಿಮ ಕರಗುವುದು ಹಗಲು,
ನೀರು ಖೋರೊಗ್ ಮುಟ್ಟುವುದು ನಡುರಾತ್ರಿ.
ಶಾಲೆಯ ಸೈರನ್ನು ಕೂಗಬೇಕಾದರೆ
ಮೊದಲು ಇವೆರಡು ಮಾತಾಡಬೇಕು.

ತಪ್ಪು ನನ್ನದೇ. ಮೊದಲ ದಿನ
ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್,
ಚಪ್ಪಲಿ ಜೋಡಿ ಮಾಡಿದ ಹಾಗೆ ಹೆಸರು ನೋಡಿ ಸೇರಿಸಿಬಿಟ್ಟೆ.
ಬಾಯಿಗೆ ಬಾಯಿ ಕೊಟ್ಟರೆ ಜಗಳ.
ಇತ್ತ ಎರಡು ಕಿವಿ ಒಂದನ್ನೊಂದು ಒತ್ತಿಕೊಂಡು
ಏನೂ ಇಲ್ಲದ್ದನ್ನು ಗಮನವಿಟ್ಟು ಕೇಳುತ್ತಿದ್ದವು.

ಎರಡನೆಯ ದಿನ ತಂತಿ ಅಡ್ಡ ಹಾಯಿಸಿದೆ.
ಒಂದು, ಮೂರನೆಯ ಪಿನ್ನುಗಳಲ್ಲಿ
ಕಂಪ್ಯೂಟರು ಮೊದಲೇ ಬಂದು ಕೂತಿತ್ತು,
ಒಂದು ಕುರ್ಚಿಗೆ ಇಬ್ಬರು ನೆಂಟರು.
ಹದಿನಾರು, ಹದಿನೇಳಕ್ಕೆ ಬಂದೆ.
ಪಿನ್ನಿಗೆ ಹುಟ್ಟುಗುಣ ಅಂತೇನಿಲ್ಲ.
ಒಂದು ಸಾಲು ಬರೆದು ಹೇಳಿದರೆ
ನಿನ್ನೆ ದೀಪ ಹಚ್ಚುತ್ತಿದ್ದದ್ದು ಇವತ್ತು ಕಿವಿ.
ಹೇಳದಿದ್ದರೆ ಬರೀ ಲೋಹದ ಕಡ್ಡಿ.

ವೇಗವನ್ನೂ ಇಳಿಸಿದೆ. ಒಂಬತ್ತು ಸಾವಿರದ ಆರುನೂರು.
ಲಕ್ಷದ ಮೇಲಿನ ವೇಗದಲ್ಲಿ ನಾನು ಕೇಳಿದ್ದೆಲ್ಲ
ಪಾಪ, ಅದಕ್ಕೆ ಗಾಳಿಯ ಸದ್ದು.

ಆದರೂ ಪರದೆಯ ಮೇಲೆ ಬಿಳಿ.

ಕದಮ್‌ಶೋ ಮಾವ ಶೂ ಬಿಚ್ಚಿ ಒಳಗೆ ಬಂದ,
ತನ್ನ ಬಟ್ಟಲು ತಾನೇ ಹಿಡಿದುಕೊಂಡು, ಹಾಲು ಉಪ್ಪು ಹಾಕಿದ ಚಹಾ.
ಹನ್ನೊಂದು ವರ್ಷ ಗಡಿಠಾಣೆಯಲ್ಲಿ ಹೆಡ್‌ಫೋನು ಹಾಕಿದ್ದವನು.
ಪಂಜ್ ಹೊಳೆಯ ಆಚೆ ದಡದಲ್ಲೂ ನಮ್ಮದೇ ಶುಗ್ನಿ ಮಾತು,
ಅದಕ್ಕೇ ಅವನನ್ನು ಕೂರಿಸಿದ್ದರು.
ಕೇಳು. ಬರೆದುಕೋ. ಉತ್ತರ ಕೊಡಬೇಡ.
ಆಚೆ ಯಾರೋ ಒಬ್ಬ ಪ್ರತಿ ಗುರುವಾರ
ತಾಯಿಯ ಕೆಮ್ಮು ಹೇಗಿದೆ ಎಂದು ತಮ್ಮನನ್ನು ವಿಚಾರಿಸುತ್ತಿದ್ದನಂತೆ.
ಒಂದು ಗುರುವಾರ ವಿಚಾರಿಸಲಿಲ್ಲ.
ಮಾವ ಅದನ್ನೂ ಬರೆದುಕೊಂಡ:
ಇಂದು ಏನೂ ಇಲ್ಲ.

ಬಗ್ಗಿ ನೋಡಿದ. ‘ಇಲ್ಲಿ ಕೇಳುವುದು ಯಾವುದು?’
‘ಹದಿನಾರು.’
‘ಹಾಗಾದರೆ ಹದಿನೇಳು ಯಾಕೆ?
ಕೇಳುವುದಕ್ಕೆ ಒಂದು ತಂತಿ ಸಾಕು. ನನಗೆ ಗೊತ್ತು.’
‘ಇದು ತಾನಾಗಿ ಹೇಳುವ ಜಾತಿಯದಲ್ಲ ಮಾವ.
ಮೊದಲು ಕೇಳಬೇಕು, ಆಮೇಲೆ ಕೇಳಿಸಿಕೊಳ್ಳಬೇಕು.’

ಅವನು ಸುಮ್ಮನಾದ. ಬಟ್ಟಲು ಕೆಳಗಿಟ್ಟ.
ಕನ್ನಡಕ ಏರಿಸಿ ತಂತಿಗಳ ಜಾಡು ಹಿಡಿದು
ಬೆರಳನ್ನು ನಿಧಾನ ನಡೆಸಿಕೊಂಡು ಹೋದ:
ಸೆನ್ಸರಿಗೆ ಅದರದೇ ಬ್ಯಾಟರಿ,
ಬೋರ್ಡಿಗೆ ಅದರದೇ ಕೇಬಲ್ಲು.

‘ಸವ್ಸನ್, ಇವಕ್ಕೆ ನೆಲ ಎಲ್ಲಿ?’

ನೆಲ! ಮೂರು ದಿನ
ವೇಗ, ಸಂಖ್ಯೆ, ಅಡ್ಡ, ನೆಟ್ಟಗೆ ಎಂದು ಒದ್ದಾಡಿದವಳು
ಎರಡಕ್ಕೂ ಒಂದೇ ನೆಲ ಕೊಡುವುದನ್ನು ಮರೆತಿದ್ದೆ.
ಒಬ್ಬರ ಸೊನ್ನೆ ಎಲ್ಲಿದೆ ಎಂದು ಇನ್ನೊಬ್ಬರಿಗೆ ತಿಳಿಯದೆ
ಒಂದು ಎಂದರೆ ಎಷ್ಟು?

ಕಪ್ಪು ತಂತಿಯ ತುಂಡು. ಹಲ್ಲಿನಿಂದ ಸಿಪ್ಪೆ ಸುಲಿದೆ.

೨೧೨
೨೧೨
೨೧೧
೨೧೨

ಮಿಲಿಮೀಟರು. ನೀರು ಇಷ್ಟು ದೂರದಲ್ಲಿದೆ
ಎಂದು ಟಬ್ಬು ಹೇಳುತ್ತಿದೆ. ನಾನು ಕಿರುಚಿದೆನೋ ಏನೋ,
ಪಕ್ಕದ ಮನೆಯ ನಾಯಿ ಬೊಗಳಿತು.

ಮಾವ ಮಾತ್ರ ನಂಬಲಿಲ್ಲ.
ಪರದೆ ನೋಡಿದ, ಟಬ್ಬು ನೋಡಿದ,
ಉಳಿದ ಚಹಾವನ್ನು ಮೆಲ್ಲಗೆ ಅದಕ್ಕೆ ಸುರಿದ,
ಉತ್ತರಕ್ಕೆ ಕಾಯುವವರ ಹಾಗೆ ತಲೆ ವಾರೆ ಮಾಡಿ ನಿಂತ.

೨೧೦.

‘ಕೇಳಿಸಿತು ಅದಕ್ಕೆ,’ ಅಂದ,
ಹೋಗಿ ಇನ್ನೊಂದು ಬಟ್ಟಲು ತಂದ.